ಒಬ್ಬರೇ ನಡೆಸುವ ಲೈಬ್ರರಿ, ಕರೆಯುತ್ತಿರುವ ಸಂಘ

ಕೆಲಸದ ಕಷ್ಟಸುಖ: ಓದುಗರ ಪ್ರಶ್ನೆಗಳಿಗೆ ನಿವೃತ್ತ ಕಾಲೇಜು ಗ್ರಂಥಪಾಲಕಿಯೊಬ್ಬರ ಉತ್ತರ

ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯ ಒಂದು ಅನುದಾನಿತ ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿ. ಮೊದಲು ಒಬ್ಬ ಅಟೆಂಡರ್ ಇದ್ದರು. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ. ಬಾಗಿಲು ತೆಗೆಯುವುದು, ಪೇಪರ್ ಜೋಡಿಸುವುದು, ಇಶ್ಯೂ, ರಿಟರ್ನ್, ಬಿಲ್ಲು, ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಫೈಲು, ಎಲ್ಲಾ ನಾನೇ. ಈಗ ಗ್ರಂಥಪಾಲಕರ ಸಂಘದವರು ಈ ಸಲ ಖಜಾಂಚಿ ಆಗಿ ಅಂತ ಬಹಳ ಒತ್ತಾಯ ಮಾಡುತ್ತಿದ್ದಾರೆ. ನನಗೂ ಆಸೆ ಇದೆ. ಆದರೆ ನಾನು ಒಂದು ದಿನ ಹೊರಗೆ ಹೋದರೆ ಲೈಬ್ರರಿಗೆ ಬೀಗ. ‘ನಿಮ್ಮ ಸಂಘದಿಂದ ನಮ್ಮ ಕಾಲೇಜಿಗೆ ಏನು ಬಂತು?’ ಅಂತ ಪ್ರಿನ್ಸಿಪಾಲರು ಕೇಳುತ್ತಾರೆ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಗಳಿದ್ದಾಳೆ. ಒಪ್ಪಿಕೊಳ್ಳಲಾ, ಬಿಡಲಾ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಸಂಘಕ್ಕೆ ಹೂಂ ಅನ್ನಿ. ಖಜಾಂಚಿ ಹುದ್ದೆ ಮಾತ್ರ ಈ ಸಲ ಬೇಡ ಅನ್ನಿ.

ಒಂದು ಕ್ಯಾಲೆಂಡರ್ ಮುಂದಿಟ್ಟುಕೊಂಡು ನೋಡಿ. ಮಾರ್ಚ್ 31ರೊಳಗೆ ಲೈಬ್ರರಿಯ ದುಡ್ಡು ಖರ್ಚಾಗಬೇಕು. ಬಂದ ಪುಸ್ತಕಗಳನ್ನು ಬಿಲ್ಲಿನ ಜೊತೆ ತಾಳೆ ನೋಡಿ, ಪ್ರತಿ ಪುಸ್ತಕಕ್ಕೂ ನಂಬರು ಕೊಟ್ಟು ದಾಖಲಿಸುವ ಆಕ್ಸೆಷನ್ ರಿಜಿಸ್ಟರಿಗೆ ಏರಿಸಿ, ಆ ನಂಬರುಗಳನ್ನು ಬಿಲ್ಲಿನ ಮೇಲೆ ಬರೆದು, ಸಹಿ ಹಾಕಿ ಆಫೀಸಿಗೆ ಮುಟ್ಟಿಸುವವರು ನೀವೊಬ್ಬರೇ. ಅದಾದ ಮೇಲೆ ಪರೀಕ್ಷೆ, ‘ಪುಸ್ತಕ ಬಾಕಿ ಇಲ್ಲ’ ಅನ್ನುವ ನೋ ಡ್ಯೂ ಸಹಿಗೆ ಸಾಲು ನಿಲ್ಲುವ ಮಕ್ಕಳು, ರಜೆಯಲ್ಲಿ ಸ್ಟಾಕ್ ವೆರಿಫಿಕೇಶನ್. ಅದು ಮುಗಿಯುವಷ್ಟರಲ್ಲಿ ಅಡ್ಮಿಶನ್, ಹೊಸ ಮಕ್ಕಳಿಗೆ ಕಾರ್ಡು.

ಈಗ ಖಜಾಂಚಿಯ ವರ್ಷ ನೋಡಿ. ಅವರ ಲೆಕ್ಕವೂ ಮಾರ್ಚ್ 31ಕ್ಕೇ ಮುಗಿಯಬೇಕು. ರಸೀದಿ ಪುಸ್ತಕ ವಾಪಸ್ ತರಿಸಬೇಕು, ವೋಚರ್ ಹೊಂದಿಸಬೇಕು, ಬ್ಯಾಂಕ್ ಪಾಸ್‌ಬುಕ್ ಜೊತೆ ತಾಳೆ ಹಾಕಬೇಕು, ಆಡಿಟರ್ ಹತ್ತಿರ ಓಡಾಡಬೇಕು. ನಮ್ಮಲ್ಲಿ ಇಂಥ ಸಂಘಗಳು ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ನೋಂದಣಿ ಆಗಿರುತ್ತವೆ. ಆದ್ದರಿಂದ ಪ್ರತಿವರ್ಷ ಸರ್ವ ಸದಸ್ಯರ ಸಭೆ ಕರೆದು ಲೆಕ್ಕ ಒಪ್ಪಿಸಿ, ಕಾಗದಗಳನ್ನು ನೋಂದಣಾಧಿಕಾರಿ ಕಚೇರಿಗೆ ಕೊಡಬೇಕು. ಅಂದರೆ ನಿಮ್ಮ ಲೈಬ್ರರಿಗೆ ನೀವು ಅತಿ ಜಾಸ್ತಿ ಬೇಕಾಗುವ ತಿಂಗಳುಗಳಲ್ಲೇ ಸಂಘಕ್ಕೂ ನೀವು ಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಆಗಲೇ ಅಲ್ವಾ? ಇಬ್ಬರು ಮೂವರು ಸಿಬ್ಬಂದಿ ಇರುವ ಕಾಲೇಜಿನವರು ಇದನ್ನು ತೂಗಿಸಬಹುದು. ನೀವು ಎರಡು ಕಡೆಯೂ ಮಾತು ತಪ್ಪಬೇಕಾಗುತ್ತದೆ. ದುಡ್ಡಿನ ಲೆಕ್ಕ ತಡವಾದರೆ ಜನ ಆಡುವ ಮಾತು ಬೇರೆ.

‘ಖಜಾಂಚಿ ಆಗಲ್ಲ, ತರಬೇತಿ ಕಾರ್ಯಾಗಾರಗಳ ಹೊಣೆ ಕೊಡಿ’ ಅಂತ ಕೇಳಿ. ಆ ಕೆಲಸದಲ್ಲಿ ದಿನಾಂಕ ನಿಮ್ಮ ಕೈಯಲ್ಲಿರುತ್ತದೆ. ಸೆಮಿಸ್ಟರ್ ನಡುವೆ ಲೈಬ್ರರಿ ಸ್ವಲ್ಪ ತಣ್ಣಗಿರುವ ವಾರ ಯಾವುದು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಫೋನು, ಇಮೇಲ್‌ನಲ್ಲೇ ಮುಕ್ಕಾಲು ಕೆಲಸ ಮುಗಿಯುತ್ತದೆ. ಸದಸ್ಯರಿಗೆ ವಾರ್ತಾಪತ್ರ ಮಾಡುವ ಕೆಲಸವೂ ಇಂಥದ್ದೇ, ರಾತ್ರಿ ಊಟವಾದ ಮೇಲೆ ಕೂತು ಮಾಡಬಹುದು. ಆದರೆ ‘ಸಹ ಕಾರ್ಯದರ್ಶಿ, ಹೆಸರಿಗೆ ಮಾತ್ರ’ ಅಂದರೆ ಒಪ್ಪಬೇಡಿ. ಕಾರ್ಯದರ್ಶಿ ಬರದ ದಿನವೆಲ್ಲಾ ಆ ಕೆಲಸ ನಿಮ್ಮ ತಲೆಗೇ ಬರುತ್ತದೆ. ಎಷ್ಟು ಅವಧಿ, ಯಾವ ಕೆಲಸ, ಯಾವ ತಿಂಗಳಲ್ಲಿ ಫೋನ್ ಮಾಡಬಾರದು, ಇದನ್ನೆಲ್ಲಾ ಒಪ್ಪಿಕೊಳ್ಳುವ ಮೊದಲೇ ಬಾಯಿಬಿಟ್ಟು ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರೂ ಗ್ರಂಥಪಾಲಕರೇ.

‘ಇಷ್ಟೆಲ್ಲಾ ತಾಪತ್ರಯ ಯಾಕೆ, ಸುಮ್ನೆ ನನ್ನ ಪಾಡಿಗೆ ನಾನಿರಬಹುದಲ್ಲ’ ಅಂತ ನಿಮಗೆ ಅನ್ನಿಸಬಹುದು. ಅದಕ್ಕೆ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಕಥೆ ಹೇಳಬೇಕು. ನಾವು ಗ್ರಂಥಾಲಯ ವಿಜ್ಞಾನದ ಪದವಿ ಬಿ.ಲಿಬ್‌ನಲ್ಲಿ ಅವರ ಐದು ಸೂತ್ರ ಬಾಯಿಪಾಠ ಮಾಡಿದವರು. ಅವರಿಗೆ ಈ ಕೆಲಸ ಮೊದಲು ಹೇಗೆ ಕಂಡಿತು ಅನ್ನುವುದನ್ನು ಮರೆತುಬಿಡುತ್ತೇವೆ. 1924ರಲ್ಲಿ ಅವರು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಅದಕ್ಕೆ ಮೊದಲು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ತರಗತಿ ತುಂಬ ಹುಡುಗರನ್ನು ನೋಡಿ ಅಭ್ಯಾಸವಾಗಿದ್ದ ಅವರಿಗೆ ಲೈಬ್ರರಿಯ ಒಂಟಿತನ ಸಹಿಸಲು ಆಗಲಿಲ್ಲ. ಕೆಲವೇ ದಿನಗಳಲ್ಲಿ ವಾಪಸ್ ಹೋಗಿ, ನನಗೆ ಪಾಠದ ಕೆಲಸವೇ ಕೊಡಿ ಅಂದರು. ಮೊದಲು ಲಂಡನ್ನಿಗೆ ಹೋಗಿ ಕಲಿತು ಬನ್ನಿ, ಆಮೇಲೂ ಬೇಡ ಅನ್ನಿಸಿದರೆ ನೋಡೋಣ ಅಂತ ಕಳಿಸಿದರು. ಅಲ್ಲಿ ಅವರು ಊರೂರಿನ ಲೈಬ್ರರಿ ಸುತ್ತಿದರು, ಕೆಲಸಗಾರರ ಜೊತೆ ಮಾತಾಡಿದರು. ತಿರುಗಿ ಬಂದವರು 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಕಟ್ಟುವುದರಲ್ಲಿ ಮುಂದೆ ನಿಂತರು, ಅದರ ಕಾರ್ಯದರ್ಶಿಯಾದರು. ಐದು ಸೂತ್ರಗಳ ಪುಸ್ತಕ 1931ರಲ್ಲಿ ಹೊರಬಂದದ್ದು ಆ ಸಂಘದಿಂದಲೇ. ಕೊನೆಗೆ ನಮ್ಮ ಬೆಂಗಳೂರಿಗೇ ಬಂದು ನೆಲೆಸಿ, 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ದಾಖಲೀಕರಣ ಸಂಶೋಧನೆ, ತರಬೇತಿ ಕೇಂದ್ರ ಶುರು ಮಾಡಿದರು. ಅಂಥವರಿಗೇ ಈ ಕೆಲಸ ಒಬ್ಬರೇ ಕೂತು ಮಾಡುವುದು ಕಷ್ಟ ಅನ್ನಿಸಿತ್ತು.

ದೊಡ್ಡ ಲೈಬ್ರರಿಯವರಿಗೆ ಏನಾದರೂ ತೊಡಕು ಬಂದರೆ ಪಕ್ಕದ ಟೇಬಲ್‌ನವರನ್ನು ಕೇಳುತ್ತಾರೆ. ನಿಮಗೆ ಪಕ್ಕದ ಟೇಬಲ್ ಇಲ್ಲ. ಕಾಲೇಜಿನ ಬೇರೆ ಅಧ್ಯಾಪಕರು ಎಷ್ಟೇ ಒಳ್ಳೆಯವರಾದರೂ ಬಾರ್‌ಕೋಡ್ ಯಾಕೆ ಓದುತ್ತಿಲ್ಲ, ಸವೆದು ಹರಿದ ಪುಸ್ತಕವನ್ನು ರಿಜಿಸ್ಟರಿನಿಂದ ತೆಗೆಯಲು ಯಾರ ಒಪ್ಪಿಗೆ ಬೇಕು ಅಂದರೆ ಅವರು ಏನು ಹೇಳಿಯಾರು?

ನನ್ನದೇ ಒಂದು ಅನುಭವ ಹೇಳುತ್ತೇನೆ. ನಮ್ಮ ಕಾಲೇಜಿನ ಲೈಬ್ರರಿಯನ್ನು ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರ್‌ಗೆ ತರುವಾಗ ಪುಸ್ತಕಗಳ ಪಟ್ಟಿ ಎಕ್ಸೆಲ್‌ನಲ್ಲಿ ಸಿದ್ಧವಿತ್ತು. ಇಂಗ್ಲಿಷ್ ಪುಸ್ತಕಗಳೆಲ್ಲಾ ಸರಿಯಾಗಿ ಏರಿದವು. ಕನ್ನಡ ಪುಸ್ತಕಗಳ ಜಾಗದಲ್ಲಿ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೀಟು, ಚುಕ್ಕೆ. ಒಂದು ಹೆಸರೂ ಓದಲಿಕ್ಕೆ ಬರುವಂತಿರಲಿಲ್ಲ. ಪಟ್ಟಿಯನ್ನು ‘ನುಡಿ’ ಎಂಬ ಹಳೆಯ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ಆ ಫಾಂಟಿನಲ್ಲಿ ಕಂಪ್ಯೂಟರ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತವೇ, ಮೇಲೆ ಕಾಣುವ ರೂಪ ಮಾತ್ರ ಕನ್ನಡ. ಫಾಂಟ್ ತೆಗೆದರೆ ಕನ್ನಡವೂ ಹೋಯಿತು. ಎಲ್ಲಾ ಮತ್ತೆ ಟೈಪ್ ಮಾಡಿಸಬೇಕು ಅಂತ ಕಂಪ್ಯೂಟರಿನವರು ಹೇಳಿದರು. ಕನ್ನಡ ವಿಭಾಗದ ಅಷ್ಟೂ ಪುಸ್ತಕ! ನನಗೆ ಅಳುವೇ ಬಂತು.

ಸಂಘದ ಸಭೆಯ ದಿನ ಊಟಕ್ಕೆ ಕೂತಾಗ ಈ ಮಾತು ಎತ್ತಿದೆ. ಪಕ್ಕದ ತಾಲೂಕಿನ ಗ್ರಂಥಪಾಲಕರೊಬ್ಬರು ಅನ್ನಕ್ಕೆ ಸಾರು ಹಾಕಿಸಿಕೊಳ್ಳುತ್ತಲೇ, ‘ಟೈಪ್ ಮಾಡಿಸಬೇಡಿ ಮೇಡಂ, ಯೂನಿಕೋಡ್‌ಗೆ, ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗೇ ಉಳಿಯುವ ಸಂಕೇತಕ್ಕೆ ಬದಲಾಯಿಸುವ ಸಾಫ್ಟ್‌ವೇರ್ ಇದೆ, ನಾನು ಬರ್ತೀನಿ’ ಅಂದರು. ಹೇಳಿದಂತೆ ಒಂದು ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಬಂದರು. ಮೊದಲು ಫೈಲಿನ ಒಂದು ಪ್ರತಿ ತೆಗೆದಿಟ್ಟರು. ಆಮೇಲೆ ಕನ್ನಡ ಇರುವ ಕಾಲಂಗಳನ್ನಷ್ಟೇ ಬೇರೆ ಮಾಡಿದರು, ಶೀರ್ಷಿಕೆ, ಲೇಖಕರು, ಪ್ರಕಾಶಕರು. ಇಡೀ ಹಾಳೆಯನ್ನು ಒಟ್ಟಿಗೆ ಬದಲಾಯಿಸಿದರೆ ಸರಿಯಾಗಿರುವ ಇಂಗ್ಲಿಷ್ ಕೂಡ ಕೆಟ್ಟು ಅರ್ಥವಿಲ್ಲದ ಕನ್ನಡ ಆಗಿಬಿಡುತ್ತದೆ, ಅದಕ್ಕೆ. ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಮಾತ್ರ ಕಣ್ಣಿಟ್ಟು ನೋಡಿ ಅಂದರು. ‘ಕರ್ನಾಟಕ’, ‘ಮೂರ್ತಿ’, ‘ಕಾರ್ನಾಡ’, ಇಂಥ ಕಡೆ ರ್ ಅಕ್ಷರ ಜಾಗ ತಪ್ಪಿ ಕೂತಿರುತ್ತಿತ್ತು. ಸಂಜೆ ಅವರು ಕಡೇ ಬಸ್ಸಿಗೆ ಹೋಗುವಷ್ಟರಲ್ಲಿ ಕನ್ನಡದ ಪುಸ್ತಕಗಳು ಕನ್ನಡದಲ್ಲೇ ಹುಡುಕಲು ಸಿಗುತ್ತಿದ್ದವು. ಅವರು ಒಂದು ಕಾಫಿ ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ. ಆಮೇಲೆ ಆ ಕೆಲಸ ಕಲಿತು ಬೇರೆ ಕಾಲೇಜಿನವರಿಗೆ ನಾನೂ ಮಾಡಿಕೊಟ್ಟೆ.

ನಿಮ್ಮ ಪ್ರಿನ್ಸಿಪಾಲರ ಪ್ರಶ್ನೆಗೆ ಉತ್ತರ ಇಂಥ ಕಡೆಯೇ ಇದೆ. ಅವರು ಕೇಳಿದ್ದನ್ನು ಕುಹಕ ಅಂತ ತಿಳಿಯಬೇಡಿ. ಕಾಲೇಜು ನಡೆಸುವವರು ಕೇಳಲೇಬೇಕಾದ ಪ್ರಶ್ನೆ ಅದು. ಪ್ರತಿ ಸಭೆ, ಕಾರ್ಯಾಗಾರ ಮುಗಿಸಿ ಬಂದ ವಾರದೊಳಗೆ ಒಂದೇ ಒಂದು ಪುಟ ಬರೆದು ಕೊಡಿ. ಹೊಗಳಿಕೆ, ಉದ್ಘಾಟನೆ, ಹಾರ ತುರಾಯಿ ಏನೂ ಬೇಡ. ಅಲ್ಲಿ ಕಲಿತದ್ದರಲ್ಲಿ ನಮ್ಮ ಲೈಬ್ರರಿಗೆ ಯಾವುದು ತಂದೆ, ಯಾವಾಗಿನಿಂದ ಶುರು, ಅಷ್ಟೇ. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ, ಕಾಲೇಜುಗಳಿಗೆ ಇ-ಪತ್ರಿಕೆ, ಇ-ಪುಸ್ತಕ ಒದಗಿಸುವ ಎನ್-ಲಿಸ್ಟ್ ಬಗ್ಗೆ ಒಂದು ತರಬೇತಿಗೆ ಹೋಗಿ ಬಂದರೆ, ಮುಂದಿನ ವಾರ ನಾಲ್ಕು ಜನ ಅಧ್ಯಾಪಕರನ್ನು ಕೂರಿಸಿಕೊಂಡು ಅವರ ಪಾಸ್‌ವರ್ಡ್ ತೆರೆಸಿ, ಅವರ ವಿಷಯದ ಒಂದು ಲೇಖನ ಇಳಿಸಿ ತೋರಿಸಿ. ಆಮೇಲೆ ಸ್ಟಾಫ್ ಮೀಟಿಂಗ್‌ನಲ್ಲಿ ನಿಮ್ಮ ಪರವಾಗಿ ಅವರೇ ಮಾತಾಡುತ್ತಾರೆ. ಈ ಪುಟಗಳನ್ನೆಲ್ಲಾ ಒಂದು ಫೈಲಿನಲ್ಲಿ ಇಡಿ. ನ್ಯಾಕ್ ಪರಿಶೀಲನೆ ನಡೆಯುವಾಗ ಲೈಬ್ರರಿಯ ಭಾಗಕ್ಕೆ ಅದೇ ದಾಖಲೆ.

ಇನ್ನು ಬೀಗದ ವಿಷಯ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಹಳ್ಳಿಯಿಂದ ಬೆಳಿಗ್ಗೆ ಬಸ್ಸಿಗೆ ಬಂದು, ಮಧ್ಯಾಹ್ನ ಒಂದು ಗಂಟೆ ಬಿಡುವಲ್ಲಿ ಪುಸ್ತಕ ತೆಗೆದುಕೊಳ್ಳಲು ಬರುವ ಹುಡುಗಿಗೆ ಬೀಗ ಹಾಕಿದ ಬಾಗಿಲು ಕಂಡರೆ ಅವಳು ಇನ್ನೊಂದು ದಿನ ಬರುತ್ತಾಳೆ ಅಂತ ಭರವಸೆ ಇಲ್ಲ. ಆದ್ದರಿಂದ ಹೇಳದೆ ಕೇಳದೆ ಬಾಗಿಲು ಮುಚ್ಚಬಾರದು. ಪೂರ್ತಿ ಮುಚ್ಚಬೇಕಾಗಿಯೂ ಇಲ್ಲ. ಪುಸ್ತಕದ ಕಪಾಟುಗಳ ಕಡೆಗೆ ಮಾತ್ರ ಬೀಗ ಹಾಕಿ, ಓದುವ ಕೋಣೆ ತೆರೆದಿಡಬಹುದು. ಪೇಪರ್, ಪತ್ರಿಕೆ, ಹಳೆ ಪ್ರಶ್ನೆಪತ್ರಿಕೆಗಳು, ಪ್ರತಿ ವಿಷಯದ ಎರಡು ಮೂರು ಪಠ್ಯಪುಸ್ತಕ ಹೊರಗಿನ ಟೇಬಲ್ ಮೇಲಿರಲಿ. ಕೂರಲು ಒಬ್ಬರು ಬೇಕು. ಲೈಬ್ರರಿ ಕಮಿಟಿಯಲ್ಲಿರುವ ಅಧ್ಯಾಪಕರನ್ನು ಅವರ ಬಿಡುವಿನ ಗಂಟೆ ಹಂಚಿಕೊಳ್ಳಲು ಕೇಳಿ. ಕೊನೇ ವರ್ಷದ ಇಬ್ಬರು ಮಕ್ಕಳನ್ನು ಸೆಮಿಸ್ಟರಿನ ಶುರುವಿನಲ್ಲೇ ತಯಾರು ಮಾಡಿಟ್ಟುಕೊಳ್ಳಿ. ಕಾಲೇಜು ಅವರಿಗೆ ಸ್ವಲ್ಪ ಗೌರವಧನ ಕೊಟ್ಟರೆ ಇನ್ನೂ ಒಳ್ಳೆಯದು. ಒಂದು ಪೆಟ್ಟಿಗೆಯಲ್ಲಿ ರಿಟರ್ನ್ ಪುಸ್ತಕ ಹಾಕಲಿ, ಆ ದಿನಕ್ಕೆ ದಂಡ ಬೇಡ. ವಾರದ ಮುಂಚೆಯೇ ನೋಟಿಸ್ ಬೋರ್ಡಿನಲ್ಲೂ, ತರಗತಿಗಳ ವಾಟ್ಸಾಪ್ ಗುಂಪಿನಲ್ಲೂ ತಿಳಿಸಿ. ಹಿಂದಿನ ದಿನ ಸಂಜೆ ರೆಫರೆನ್ಸ್ ಪುಸ್ತಕಗಳನ್ನೂ ಮನೆಗೆ ಕೊಡಿ, ನೀವು ಬಂದ ದಿನ ವಾಪಸ್ ತರಲಿ.

ಈ ಏರ್ಪಾಡನ್ನು ರಜೆ ಕೇಳುವ ಅರ್ಜಿಯಲ್ಲೇ ಬರೆಯಿರಿ. ಬರೀ ‘ಅನುಮತಿ ಕೊಡಬೇಕಾಗಿ ವಿನಂತಿ’ ಅಂದರೆ ಪ್ರಿನ್ಸಿಪಾಲರಿಗೆ ಕಾಣುವುದು ಬೀಗ ಮಾತ್ರ. ‘ಈ ದಿನ ಓದುವ ಕೋಣೆ ಎಂದಿನಂತೆ ತೆರೆದಿರುತ್ತದೆ, ಇಂಥವರು ಇರುತ್ತಾರೆ’ ಅಂತ ಇದ್ದರೆ ಸಹಿ ಹಾಕಲು ಅವರಿಗೂ ಸುಲಭ.

ರಜೆಯ ಬಗ್ಗೆಯೂ ಒಂದು ಮಾತು. ಯುಜಿಸಿಯ 2018ರ ನಿಯಮಾವಳಿಯಲ್ಲಿ, ಸಮ್ಮೇಳನ, ವಿಚಾರ ಸಂಕಿರಣ, ರಿಫ್ರೆಶರ್ ಕೋರ್ಸುಗಳಿಗೆ ಹೋಗುವ ಅಧ್ಯಾಪಕರಿಗೆ ಅನುಮತಿ ಪಡೆದು ವರ್ಷಕ್ಕೆ 30 ದಿನದವರೆಗೆ ಡ್ಯೂಟಿ ಲೀವ್ ಕೊಡಬಹುದು ಎಂದಿದೆ. ನಿಮ್ಮ ಕಾಲೇಜಿನಲ್ಲಿ ಗ್ರಂಥಪಾಲಕರಿಗೆ ಓಓಡಿ (ಹೊರಗೆ ಹೋದರೂ ಕರ್ತವ್ಯದ ಮೇಲಿದ್ದಂತೆ ಲೆಕ್ಕ) ಹೇಗೆ ಕೊಡುತ್ತಾರೆ ಅಂತ ಆಫೀಸಿನಲ್ಲಿ ಬರವಣಿಗೆಯಲ್ಲೇ ಕೇಳಿಟ್ಟುಕೊಳ್ಳಿ. ತರಬೇತಿಗೆ ಓಓಡಿ ಕೇಳುವುದು ನ್ಯಾಯ. ಗ್ರಂಥಪಾಲಕರ ಬಡ್ತಿಗೂ ಅದೇ ನಿಯಮಾವಳಿ ತರಬೇತಿಗಳನ್ನು ಕೇಳುತ್ತದೆ. ಸಂಘದ ಕಾರ್ಯಕಾರಿ ಸಮಿತಿಯ ಸಭೆ ಬೇರೆ. ಅದಕ್ಕೆ ಓಓಡಿ ಕೇಳಬೇಡಿ, ಸಿಎಲ್ ಹಾಕಿ. ಇಲ್ಲವಾದರೆ ಭಾನುವಾರ ಇಟ್ಟುಕೊಳ್ಳಿ ಅನ್ನಿ, ಅಥವಾ ರಾತ್ರಿ ಫೋನಿನಲ್ಲೇ ಎಲ್ಲರೂ ಸೇರಿ ಮುಗಿಸಿ. ಇವೆರಡನ್ನೂ ಬೆರೆಸಿದರೆ ನಿಮ್ಮ ಮೇಲಿನ ನಂಬಿಕೆ ಕಡಿಮೆಯಾಗುತ್ತದೆ, ಮುಂದೆ ನಿಜವಾದ ತರಬೇತಿಗೂ ತಡೆ ಬೀಳುತ್ತದೆ.

ಕೊನೆಯದಾಗಿ, ಆ ಅಟೆಂಡರ್ ಹುದ್ದೆ. ಅದನ್ನು ನೀವೊಬ್ಬರೇ ಕೇಳುತ್ತಾ ಕೂತರೆ ನಿಮ್ಮ ಸ್ವಂತದ ಗೋಳು ಅಂತ ಅಂದುಕೊಳ್ಳುತ್ತಾರೆ. ಜಿಲ್ಲೆಯಲ್ಲಿ ಎಷ್ಟು ಕಾಲೇಜುಗಳಲ್ಲಿ ಗ್ರಂಥಪಾಲಕರು ಒಬ್ಬರೇ ಇದ್ದಾರೆ, ಎಷ್ಟು ಕಡೆ ಸಹಾಯಕರಿಲ್ಲ, ಗ್ರಂಥಪಾಲಕರೇ ಇಲ್ಲದೆ ಬೇರೆ ವಿಷಯದ ಅಧ್ಯಾಪಕರಿಗೆ ಕೀಲಿ ಕೊಟ್ಟಿರುವ ಕಾಲೇಜು ಎಷ್ಟು, ಇದನ್ನು ಪಟ್ಟಿ ಮಾಡಿ ಇಲಾಖೆಯ ಮುಂದಿಡುವುದು ಸಂಘದ ಕೆಲಸ. ನಿಮ್ಮ ಸಂಘ ಇದನ್ನು ಮಾಡಿಲ್ಲ ಅಂದರೆ ಮೊದಲ ಸಭೆಯಲ್ಲೇ ಕೇಳಿ. ಸನ್ಮಾನ ಸಮಾರಂಭಕ್ಕೆ ಆಗುವ ಓಡಾಟದಲ್ಲಿ ಅರ್ಧ ಇದಕ್ಕೆ ಆಗಲಿ ಅಂತ ನಾನು ಸಂಘದಲ್ಲಿ ಇದ್ದಷ್ಟು ದಿನವೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಪ್ರಶ್ನೆ: ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಲೈಬ್ರರಿಯನ್ ಆಗಿದ್ದೇನೆ. ಗ್ರಂಥಪಾಲಕರ ಸಂಘಕ್ಕೆ ಸೇರುತ್ತೇನೆ ಅಂದಿದ್ದಕ್ಕೆ ‘ಯೂನಿಯನ್ ಗಿನಿಯನ್ ಎಲ್ಲಾ ಇಲ್ಲಿ ಬೇಡ’ ಅಂತ ಆಡಳಿತದವರು ಹೇಳಿದರು. ಹೆದರಿಕೆ ಆಗಿದೆ.
— ಓದುಗ, ಬೆಂಗಳೂರು

ಉತ್ತರ: ಅವೆರಡೂ ಬೇರೆ. ಕಾರ್ಮಿಕ ಸಂಘಗಳು ದಶಕಗಟ್ಟಲೆ ನೋಂದಣಿಯಾಗಿದ್ದು 1926ರ ಕಾಯ್ದೆಯ ಕೆಳಗೆ. ಸಂಬಳ, ಕೆಲಸದ ಷರತ್ತುಗಳ ಬಗ್ಗೆ ಮಾಲೀಕರ ಜೊತೆ ಮಾತುಕತೆ ನಡೆಸುವುದು ಅವುಗಳ ಮುಖ್ಯ ಕೆಲಸ. ನೀವು ಸೇರಲು ಹೊರಟಿರುವುದು ವೃತ್ತಿಯವರ ಸಂಘ. ತರಬೇತಿ, ಸಮ್ಮೇಳನ, ಪತ್ರಿಕೆ ಅದರ ಕೆಲಸ. ಅದರ ಬೈಲಾದಲ್ಲಿ ಉದ್ದೇಶಗಳ ಪುಟ ಇರುತ್ತದೆ. ಒಂದು ಪ್ರತಿ ತಂದು ಆಡಳಿತದವರಿಗೆ ತೋರಿಸಿ. ಅಷ್ಟರಲ್ಲೇ ಅನುಮಾನ ಕಡಿಮೆಯಾಗಬಹುದು. ಯೂನಿಯನ್ ಸೇರುವುದೂ ತಪ್ಪಲ್ಲ ಅಂತ ನಾನು ಸ್ಪಷ್ಟವಾಗಿ ಹೇಳುತ್ತೇನೆ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿಯೇ ಕೊಟ್ಟಿದೆ. ಆದರೆ ಖಾಸಗಿ ಶಾಲೆಯಲ್ಲಿ ಕೆಲಸ ಉಳಿಸಿಕೊಳ್ಳುವ ಚಿಂತೆ ನಿಜವಾದದ್ದು. ಮೊದಲ ವರ್ಷ ಸಾಮಾನ್ಯ ಸದಸ್ಯರಾಗಿ, ಭಾನುವಾರದ ಕಾರ್ಯಕ್ರಮಗಳಿಗೆ ಹೋಗಿ ಬನ್ನಿ. ಶಾಲೆಯ ಸಮಯ ಮುಟ್ಟಬೇಡಿ. ಅಲ್ಲಿ ಕಲಿತ ಒಂದು ಕಥೆ ಹೇಳುವ ಚಟುವಟಿಕೆಯನ್ನು ಮಕ್ಕಳ ಮುಂದೆ ಮಾಡಿ, ಪೋಷಕರ ಸಭೆಯ ದಿನ ತೋರಿಸಿ.

ಪ್ರಶ್ನೆ: ಈಗಷ್ಟೇ ಎಂ.ಲಿಬ್ ಮುಗಿಸಿ ಪಾಲಿಟೆಕ್ನಿಕ್ ಒಂದರಲ್ಲಿ ಒಬ್ಬನೇ ಕೆಲಸ ಮಾಡುತ್ತಿದ್ದೇನೆ. ಯಾವ ಸಂಘಕ್ಕೆ ಆಜೀವ ಸದಸ್ಯನಾಗಲಿ? ಎಲ್ಲದಕ್ಕೂ ಆಗಲು ದುಡ್ಡಿಲ್ಲ.
— ಓದುಗ, ರಾಯಚೂರು

ಉತ್ತರ: ಭಾರತೀಯ ಗ್ರಂಥಾಲಯ ಸಂಘ 1933ರಿಂದ ಇದೆ. ವಿಶೇಷ ಗ್ರಂಥಾಲಯಗಳವರ ಐಯಾಸ್ಲಿಕ್ 1955ರಲ್ಲಿ ಕಲ್ಕತ್ತದಲ್ಲಿ ಶುರುವಾಯಿತು. ಎರಡೂ ದೊಡ್ಡವು, ಗೌರವದವು. ಆದರೂ ನಿಮಗೆ ಮೊದಲು ಬೇಕಾದದ್ದು ಹತ್ತಿರದ ಸಂಘ. ಸರ್ವರ್ ಕೈಕೊಟ್ಟ ದಿನ ಫೋನ್ ಎತ್ತುವವರು ನಿಮ್ಮ ಜಿಲ್ಲೆಯವರು. ಅಲ್ಲಿಂದ ಶುರು ಮಾಡಿ, ಸಂಬಳ ಏರಿದ ಮೇಲೆ ಮುಂದಿನದು. ಒಂದು ವರ್ಷ ಸಭೆಗಳಿಗೆ ಹೋಗಿ ನೋಡದೆ ಯಾವುದಕ್ಕೂ ಆಜೀವ ಸದಸ್ಯತ್ವ ಕಟ್ಟಬೇಡಿ.

ಪ್ರಶ್ನೆ: ನಮ್ಮ ಮನೆಯವರು ಕಾಲೇಜಿನಲ್ಲಿ ಲೈಬ್ರರಿಯನ್, ಸಂಘದ ಕಾರ್ಯದರ್ಶಿ ಕೂಡ. ಕಾಲೇಜಿನಲ್ಲೂ ಒಬ್ಬರೇ, ಸಂಘದಲ್ಲೂ ಒಬ್ಬರೇ ಅನ್ನುವ ಹಾಗಾಗಿದೆ. ರಾತ್ರಿ ಮಲಗುವವರೆಗೂ ಫೋನು, ಭಾನುವಾರ ಸಭೆ. ಸಿಟ್ಟು ಮಾಡಿಕೊಂಡರೆ ‘ಇದು ಸೇವೆ’ ಅನ್ನುತ್ತಾರೆ. ಅವರು ನಿಮ್ಮ ಅಂಕಣ ತಪ್ಪದೆ ಓದುತ್ತಾರೆ, ಅದಕ್ಕೇ ಬರೆದೆ.
— ಓದುಗಿ, ಧಾರವಾಡ

ಉತ್ತರ: ನಿಮ್ಮ ಸಿಟ್ಟು ಸರಿಯಾಗೇ ಇದೆ, ಅಮ್ಮಾ. ಓದುತ್ತಾರೆ ಅಂದಿರಲ್ಲ, ಅವರಿಗೇ ನೇರ ಹೇಳಿಬಿಡುತ್ತೇನೆ.

ಸರ್, ನೀವು ಮಾಡುತ್ತಿರುವುದು ಸೇವೆಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ಎಲ್ಲಾ ಕೆಲಸ ನಿಮ್ಮೊಬ್ಬರ ಕೈಯಲ್ಲಿದ್ದರೆ ನೀವು ಹುಷಾರು ತಪ್ಪಿದ ದಿನ ಸಂಘವೂ ನಿಲ್ಲುತ್ತದೆ. ಸದಸ್ಯತ್ವದ ಪಟ್ಟಿ, ಬ್ಯಾಂಕಿನ ಕಾಗದ, ನೋಂದಣಿ ಪತ್ರ, ಇಮೇಲ್ ಪಾಸ್‌ವರ್ಡ್ ಎಲ್ಲಿವೆ ಅಂತ ಇನ್ನೊಬ್ಬರಿಗೆ ಗೊತ್ತಿದೆಯಾ? ಇಲ್ಲದಿದ್ದರೆ ಈ ತಿಂಗಳೇ ಸಹ ಕಾರ್ಯದರ್ಶಿಯನ್ನು ಕೂರಿಸಿಕೊಂಡು ತೋರಿಸಿ, ನಡಾವಳಿ ಬರೆಯುವ ಕೆಲಸವನ್ನು ಅವರಿಗೆ ಬಿಟ್ಟುಕೊಡಿ. ಅವರು ನಿಮ್ಮಷ್ಟು ಚೆನ್ನಾಗಿ ಬರೆಯದಿದ್ದರೂ ಪರವಾಗಿಲ್ಲ. ಗುಂಪಿನಲ್ಲಿ ‘ರಾತ್ರಿ 9ರ ನಂತರ ಉತ್ತರ ಇಲ್ಲ, ಬೆಳಿಗ್ಗೆ ನೋಡುತ್ತೇನೆ’ ಅಂತ ಒಂದು ಸಾಲು ಹಾಕಿ. ಲೈಬ್ರರಿ ಕೆಲಸದಲ್ಲಿ ರಾತ್ರಿಯೇ ಮುಗಿಯಬೇಕಾದ ತುರ್ತು ಬಹಳ ಕಡಿಮೆ. ತಿಂಗಳಿಗೆ ಒಂದು ಭಾನುವಾರ ಸಂಘಕ್ಕೆ, ಉಳಿದವು ಮನೆಗೆ. ಯಾವ ಭಾನುವಾರ ಅನ್ನುವುದನ್ನು ಮನೆಯವರು ಆರಿಸಲಿ.